ರಾಧಾಮಣಿಯ ತೂಕದ ಕೊಬ್ಬರಿ

ರಾಧಾಮಣಿ ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಿಸಿ, ಸೊಂಟವನ್ನು ಮೆಲ್ಲಗೆ ನೆಲದಿಂದ ಎತ್ತಿ ನಿಲ್ಲಿಸಿದ್ದಳು. ಅದೇ ಹೊತ್ತಿಗೆ ಅತ್ತೆ ಹೊಂಬಾಳಮ್ಮ ಹಾಲಿನ ಚೊಂಬು ಹಿಡಿದು ಕೊಟ್ಟಿಗೆಯಿಂದ ಬಂದರು. ಸೊಸೆಯನ್ನು ದಾಟುವುದೋ ಸುತ್ತಿಕೊಂಡು ಹೋಗುವುದೋ ತಿಳಿಯದೆ ಅವಳ ತಲೆಯ ಹತ್ತಿರ ನಿಂತರು.

"ಇವತ್ತೊಂದಿನ ಬುಡಬಾರ್ದೇನೇ ಈ ಕಸರತ್ತ? ಹರಕೆ ತೀರ್ಸಕ್ಕೆ ಹೋಗೋ ದಿನ, ಹಜಾರದ ನಡುವೆ ಮೋರಿ ಕಟ್ಟಿದಂಗೆ ಮಲಗಿದ್ದೀಯಲ್ಲ."

"ಇನ್ನೊಂದೇ ಸಲ ಅತ್ತೆ. ಅರ್ಧಕ್ಕೆ ಬಿಟ್ರೆ ಬೆನ್ನು ಹಿಡ್ಕೊಳ್ಳುತ್ತೆ."

"ಮಲಗೇ ಇದ್ರೆ ಹಿಡ್ಕಳದೆ ಇನ್ನೇನಾದಾತು? ನಮ್ಮ ಕಾಲ್ದಲ್ಲಿ ಬಗ್ಗಿ ಕಸ ಗುಡುಸ್ತಿದ್ವಿ. ಯಾವ ಸೊಂಟವೂ ಹಿಡ್ಕತಿರ್ಲಿಲ್ಲ."

ರಾಧಾಮಣಿ ಮತ್ತೆ ಸೊಂಟ ಎತ್ತಿದಳು. ಸೊಂಟ ಎತ್ತಿರುವಾಗ ಮಾತಾಡಬಾರದು ಎಂಬ ನಿಯಮ ಯಾರೂ ಹೇಳಿದ್ದಲ್ಲ, ಅವಳೇ ಮಾಡಿಕೊಂಡದ್ದು. ದಿನದಲ್ಲಿ ಅಷ್ಟು ಹೊತ್ತಾದರೂ ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ.

ಹೋದ ವರ್ಷ ಗೊಬ್ಬರದ ಮಂಕರಿ ಎತ್ತಲು ಬಗ್ಗಿದವಳು ಬಗ್ಗಿದಂತೆಯೇ ಉಳಿದು, ಕಾರಿನ ಹಿಂದಿನ ಸೀಟಿನಲ್ಲಿ ಮಡಿಸಿದ ಕೊಡೆಯ ಹಾಗೆ ತಿಪಟೂರಿಗೆ ಹೋಗಿದ್ದಳು. ಡಿಸ್ಕು ಜರುಗಿದೆ ಎಂದರು ಡಾಕ್ಟರು. ವ್ಯಾಯಾಮ ಹೇಳಿಕೊಡುವ ಆಶಾ ಎಂಬ ಹುಡುಗಿ ಅವಳನ್ನು ತೂಗಿ ನೋಡಿದಳು. ಎಪ್ಪತ್ತಾರು ಕಿಲೋ.

"ಗಾಬರಿ ಆಗ್ಬೇಡಿ ಆಂಟಿ," ಎಂದಿದ್ದಳು ಆಶಾ. "ತಿಂಗಳಿಗೆ ಒಂದು ಕಿಲೋ ಇಳಿದ್ರೂ ಸಾಕು. ನಿಧಾನವಾಗಿ ಇಳಿದಿದ್ದೇ ನಿಲ್ಲೋದು. ಭಾರ ಎತ್ತಬೇಡಿ, ಮುಂದಕ್ಕೆ ಬಗ್ಗಬೇಡಿ. ಮತ್ತೆ ತೂಕ ಯಾವಾಗ್ಲೂ ಒಂದೇ ಮಿಷನ್‌ನಲ್ಲಿ ನೋಡ್ಕೊಳ್ಳಿ. ಇಲ್ಲೊಂದ್ಸಲ ಅಲ್ಲೊಂದ್ಸಲ ನೋಡಿದ್ರೆ ಸುಮ್ನೆ ತಲೆ ಕೆಡುತ್ತೆ."

ಮಿಷನ್ನು ಮನೆಯಲ್ಲೇ ಇತ್ತು. ರಾಧಾಮಣಿಯ ಗಂಡ ಹನುಮಂತರಾಜು ತೋಟದ ಜೊತೆಗೆ ಊರಿನವರ ಕೊಬ್ಬರಿ ಕೊಂಡು ತಿಪಟೂರಿನ ಮಾರುಕಟ್ಟೆಗೆ ಹಾಕುವ ವ್ಯಾಪಾರವನ್ನೂ ಇಟ್ಟುಕೊಂಡಿದ್ದ. ಹಜಾರದ ಪಕ್ಕದ ಕೋಣೆಯಲ್ಲಿ, ಅಟ್ಟದ ಏಣಿಯ ಪಕ್ಕ, ಮೂಟೆ ತೂಗುವ ಕಬ್ಬಿಣದ ಹಳೆಯ ಕಾಟಾ ನಿಂತಿತ್ತು. ಹಲಗೆಯ ಮೇಲೆ ಮೂಟೆ ಇಡುವುದು, ಮೇಲಿನ ಸಲಾಕೆಯ ಮೇಲೆ ಕಬ್ಬಿಣದ ಗುಂಡನ್ನು ಜರುಗಿಸುವುದು, ಸಲಾಕೆ ಸಮನಾಗಿ ನಿಂತ ಕಡೆ ಅಂಕಿ ಓದುವುದು. ಮೊದಲ ದಿನ ರಾಧಾಮಣಿ ಬಾಗಿಲು ಹಾಕಿಕೊಂಡು ಮೂಟೆಯ ಜಾಗದಲ್ಲಿ ನಿಂತಾಗ ಅಲ್ಲಿಯೂ ಎಪ್ಪತ್ತಾರೇ ಬಂತು.

ಹರಕೆ ಹೊತ್ತವರು ಹೊಂಬಾಳಮ್ಮ. ಸೊಸೆಯ ಸೊಂಟ ಬಿದ್ದಂದಿನಿಂದ ಕೊಟ್ಟಿಗೆ ಬಾಚುವ ಕೆಲಸ ಅವರ ಪಾಲಿಗೆ ಬಂದಿತ್ತು. ಒಂದು ವಾರ ಬಾಚಿದವರೇ ದೇವರ ಮನೆ ಮುಂದೆ ಕೂತು, "ತಾಯೇ, ನನ್ನ ಸೊಸೆ ಮೊದಲಿನಂಗೆ ಬಗ್ಗಂಗೆ ಮಾಡು, ಅವಳ ತೂಕದ ಕೊಬ್ಬರಿ ನಿನ್ನ ಗುಡಿಗೆ ಕೊಡ್ತೀನಿ," ಎಂದುಬಿಟ್ಟರು. ತೆಂಗಿನಕಾಯಿ ಅನ್ನಬಹುದಿತ್ತು, ಬೆಲ್ಲ ಅನ್ನಬಹುದಿತ್ತು. ಬಾಯಿ ತಪ್ಪಿ ಕೊಬ್ಬರಿ ಬಂತು. ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗಡಗಡ ಎನ್ನುವ ಗಿಟುಕು. ಬೆಲೆಯೋ ದಿನದಿನಕ್ಕೆ ಏರುತ್ತಿತ್ತು.

ಅಂದಿನಿಂದ ರಾಧಾಮಣಿಯ ತೂಕ ಅವಳೊಬ್ಬಳದಾಗಿ ಉಳಿಯಲಿಲ್ಲ. ಅವಳು ಇಳಿಸಿದ ಒಂದೊಂದು ಕಿಲೋ ಮನೆಗೆ ಉಳಿದ ಒಂದೊಂದು ಕಿಲೋ ಕೊಬ್ಬರಿ. ಎರಡನೆಯ ಮುದ್ದೆಗೆ ಕೈ ಹೋದರೆ ಹನುಮಂತರಾಜು ಕೆಮ್ಮುತ್ತಿದ್ದ. ಹರಕೆ ಯಾವಾಗ ಎಂದು ಯಾರಾದರೂ ಕೇಳಿದರೆ, "ಇಳೀಲಿ ಇಳೀಲಿ, ಇನ್ನೆರಡು ಕಿಲೋ ಇಳೀಲಿ," ಎನ್ನುತ್ತಿದ್ದ, ಸಂತೆಯಲ್ಲಿ ಬೆಲೆ ಇಳಿಯಲೆಂದು ಕಾಯುವವನ ಹಾಗೆ.

ಅವಳು ಇಳಿದಳು. ದಿನಗಟ್ಟಲೆ ಗುಂಡು ಇದ್ದಲ್ಲೇ ಇರುತ್ತಿತ್ತು. ಆಮೇಲೊಂದು ಬೆಳಿಗ್ಗೆ ಒಂದು ಗೆರೆ ಹಿಂದಕ್ಕೆ ಬರುತ್ತಿತ್ತು. ಊರಿನವರ ಕೊಬ್ಬರಿ ಬರುವ ಹಿಂದಿನ ಸಂಜೆ ಹನುಮಂತರಾಜು ಬಾಗಿಲು ಮುಂದೆ ಮಾಡಿಕೊಂಡು ಕಾಟಾಗೆ ಎಣ್ಣೆ ಬಿಡುತ್ತಿದ್ದ. ಅದರ ಮಾರನೆಯ ದಿನ ಕಾಟಾ ಹತ್ತುವುದನ್ನು ರಾಧಾಮಣಿ ವಿಶೇಷವಾಗಿ ಎದುರು ನೋಡುತ್ತಿದ್ದಳು. ಎಣ್ಣೆ ಕುಡಿದ ಕಾಟಾ ಯಾಕೋ ಉದಾರವಾಗಿರುತ್ತಿತ್ತು. ರವಿಕೆಗಳು ಮಾತ್ರ ಸಡಿಲವಾಗಲಿಲ್ಲ. ಈಗಿನ ಬಟ್ಟೆ ಒಗೆದರೆ ಮುದುಡುತ್ತದೆ ಎಂದು ಅವಳೇ ಸಮಾಧಾನ ಹೇಳಿಕೊಂಡಳು.

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ಮಾಡಿದ್ದೆಲ್ಲ ಸಂಜೆಯೊಳಗೆ ಕರಗಿಹೋಗುವಂಥದ್ದು: ಬೇಯಿಸಿದ್ದು ಉಂಡು ಮುಗಿಯುತ್ತಿತ್ತು, ಗುಡಿಸಿದ್ದು ಮತ್ತೆ ಕಸವಾಗುತ್ತಿತ್ತು. ಇದೊಂದು ಉಳಿಯುತ್ತಿತ್ತು. ಕಬ್ಬಿಣದ ಮೇಲೆ ಗೆರೆ ಕೊರೆದು ತೋರಿಸುತ್ತಿತ್ತು. ರಾತ್ರಿ ಮಗ್ಗುಲಾಗುವಾಗ ಅವಳು ಅಂದಿನ ಅಂಕಿಯನ್ನು ನೆನೆದು, ಯಾರಿಗೂ ಕಾಣದಂತೆ ನಗುತ್ತಿದ್ದಳು.

ಇವತ್ತು ಬೆಳಿಗ್ಗೆ ಅವಳು ಕಾಟಾ ಹತ್ತುವ ಹೊತ್ತಿಗೆ ಪಕ್ಕದ ಮನೆಯ ರಾಮಕ್ಕ ಬಂದು ನಿಂತಾಗಿತ್ತು. ಹಾಲಿನ ಡೈರಿಗೆ ಹೋಗುವ ದಾರಿಯಲ್ಲಿ ರಾಧಾಮಣಿಯ ತೂಕ ನೋಡಿಕೊಂಡು, ಅದನ್ನು ಡೈರಿಯಲ್ಲಿ ಹಾಲಿನ ಜೊತೆ ಸುರಿದು ಬರುವುದು ರಾಮಕ್ಕನ ದಿನಚರಿ.

"ಅರವತ್ತಾರು!" ರಾಮಕ್ಕ ಗುಂಡಿನ ಹತ್ತಿರ ಮೂಗಿಟ್ಟು ಓದಿದಳು. "ಎಪ್ಪತ್ತಾರು ಇದ್ದೋಳು! ಹೊಟ್ಟೆಕಿಚ್ಚಾಗ್ತದೆ ಕಣೇ ನಿನ್ನ ಕಂಡ್ರೆ. ನಂಗೂ ಆ ಸೊಂಟ ಎತ್ತೋದು ಹೇಳ್ಕೊಡೇ."

ಹನುಮಂತರಾಜು ಹಿಂದಿನ ದಿನವೇ ಅದೇ ಕಾಟಾದಲ್ಲಿ ಅರವತ್ತಾರು ಕಿಲೋ ಕೊಬ್ಬರಿ ತೂಗಿ ಎರಡು ಮೂಟೆ ಕಟ್ಟಿದ್ದ. ಮಾರುಕಟ್ಟೆಯಲ್ಲಿ ತೂಕವಾಗಿ ಬಂದ ಚೀಲ ಮನೆಯಲ್ಲಿತ್ತು, ಅದನ್ನೇ ಒಯ್ಯಬಹುದಲ್ಲ ಎಂದು ಹೊಂಬಾಳಮ್ಮ ಹೇಳಿದ್ದಕ್ಕೆ, "ಬ್ಯಾಡ ಬ್ಯಾಡ. ಇವಳನ್ನ ತೂಗಿದ ಕಾಟಾದಲ್ಲೇ ಕೊಬ್ಬರೀನೂ ತೂಗ್ಬೇಕು. ದೇವರ ಕೆಲಸದಲ್ಲಿ ಹೆಚ್ಚುಕಮ್ಮಿ ಆಗ್ಬಾರ್ದು," ಎಂದಿದ್ದ. ಗಂಡನಿಗೆ ಇಷ್ಟು ನಿಷ್ಠೆ ಇದೆ ಎಂಬುದು ರಾಧಾಮಣಿಗೆ ಆವರೆಗೆ ಗೊತ್ತಿರಲಿಲ್ಲ.

"ಏನೂ ತಿನ್ನಬೇಡ," ಎಂದು ಈಗ ಹೇಳಿದ. "ನೀರೂ ಬ್ಯಾಡ. ತಕ್ಕಡೀಲಿ ಕೂತಾಗ ನಿನ್ನ ಕಡೆ ತೂಗಿದ್ರೆ ಊರ ಮುಂದೆ ಮರ್ಯಾದೆ ಹೋಗ್ತದೆ."

ಮೂಟೆಗಳನ್ನು ಲಗೇಜ್ ಆಟೋಗೆ ಹಾಕಲು ಬೋರಯ್ಯ ಬಂದ. ಆಚೆ ಬೀದಿಯವನು; ಸಣ್ಣ ತೋಟ, ವರ್ಷದ ಕೊಬ್ಬರಿಯನ್ನೆಲ್ಲ ಹನುಮಂತರಾಜುವಿಗೇ ಹಾಕುತ್ತಿದ್ದ. ಒಂದು ಮೂಟೆಯನ್ನು ಹೆಗಲಿಗೆ ಏರಿಸಿದವನು ಒಂದು ಹೆಜ್ಜೆ ತೂರಾಡಿದ.

"ಏನ್ ರಾಜಣ್ಣ, ಎರಡೂ ಸೇರಿ ಅರವತ್ತಾರು ಅಂತೀರಾ. ಒಂದೇ ಇಷ್ಟು ಭಾರ ಐತಲ್ಲ."

"ದೇವರ ಭಾರ ಕಣಯ್ಯ. ಸುಮ್ನೆ ಎತ್ತು."

"ನಾಳೆ ಬೆಳಿಗ್ಗೆ ನಮ್ಮ ಕೊಬ್ಬರೀನೂ ತಂದ್ಬುಡ್ತೀನಿ. ಮಗಳ ಕಾಲೇಜಿಗೆ ಕಟ್ಟಬೇಕು."

"ತಾರಪ್ಪ, ತಾ. ಕಾಟಾಗೆ ಎಣ್ಣೆ ಬಿಟ್ಟು ಇಟ್ಟಿದ್ದೀನಿ."

ಗುಡಿ ಇದ್ದದ್ದು ಚಿಕ್ಕನಾಯಕನಹಳ್ಳಿ ಕಡೆಯ ಒಣ ಗುಡ್ಡದ ತಪ್ಪಲಲ್ಲಿ. ಆಟೋದ ಮುಂದಿನ ಸೀಟಿನಲ್ಲಿ ಹನುಮಂತರಾಜು ಕೂತ. ಹಿಂದೆ ಮೂಟೆಗಳ ನಡುವೆ ಅತ್ತೆ, ರಾಮಕ್ಕ, ಬೋರಯ್ಯ, ರಾಧಾಮಣಿ. ಕೂತರೆ ಬೆನ್ನಿಗೆ ಆನಿಕೆ ಇಲ್ಲ, ನಿಂತರೆ ಬೀಳುತ್ತಾಳೆ. ಕೊನೆಗೆ ಅವಳು ತನ್ನ ತೂಕದ ಕೊಬ್ಬರಿಗೇ ಒರಗಿ ಅರೆಮಲಗಿದಳು. ರಸ್ತೆಯ ಒಂದೊಂದು ಗುಂಡಿಗೂ ಗಿಟುಕುಗಳು ಗಡಗಡ ಎಂದವು, ಅವಳ ಬೆನ್ನಿನ ಮಣಿಗಳು ಅದಕ್ಕೆ ಉತ್ತರ ಕೊಟ್ಟವು.

"ಒಂದು ಬಾಳೆಹಣ್ಣು ತಿನ್ನೇ, ಮುಖ ಬಾಡಿದೆ," ಎಂದಳು ರಾಮಕ್ಕ.

"ತಿನ್ನಂಗಿಲ್ಲ ರಾಮಕ್ಕ."

"ಬಾಳೆಹಣ್ಣು ಎಷ್ಟು ತೂಗಾತು?"

"ಸುಮ್ಕಿರೇ," ಎಂದರು ಹೊಂಬಾಳಮ್ಮ. "ಅವಳು ತಿಂದಷ್ಟು ಕೊಬ್ಬರಿ ನೀನು ಕೊಡ್ತೀಯಾ?"

ಗುಡಿಯ ಮುಂದೆ ತೊಲೆಗೆ ಇಳಿಬಿಟ್ಟ ದೊಡ್ಡ ತಕ್ಕಡಿ ಇತ್ತು. ಗುಡಿ ಸಮಿತಿಯ ಕಾರ್ಯದರ್ಶಿ ಜ್ಞಾನೇಶ್ ಎಂಬ ಚುರುಕು ಯುವಕ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಒಂದು ತಟ್ಟೆಗೆ ಕೊಬ್ಬರಿ ಸುರಿದರು. ಇನ್ನೊಂದರಲ್ಲಿ ರಾಧಾಮಣಿ ಕೂರಬೇಕು, ಕೂರಬೇಕಾದರೆ ಬಗ್ಗಬೇಕು, ಬಗ್ಗಬಾರದು ಎಂದು ಆಶಾ ಹೇಳಿದ್ದಾಳೆ. ಅವಳು ಬೆನ್ನು ನೆಟ್ಟಗಿಟ್ಟುಕೊಂಡು, ಮೊಣಕಾಲನ್ನಷ್ಟೇ ಮಡಿಸಿ, ಮೊಟ್ಟೆಯ ಮೇಲೆ ಕೂರುವ ಕೋಳಿಯ ಗಾಂಭೀರ್ಯದಿಂದ ಇಳಿದಳು. ತಟ್ಟೆ ಒಮ್ಮೆ ಗಿರ್ರನೆ ತಿರುಗಿತು. ಜನ ಕೈ ಮುಗಿದರು. ಪೂಜಾರಿ ಅವಳ ಕೊರಳಿಗೆ ತೋಳಿನಷ್ಟು ದಪ್ಪದ ಹಾರ ಹಾಕಿದರು. ಮುತ್ತೈದೆಯರು ಬಂದು ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು ತುಂಬಿದರು.

ತೊಲೆ ನಿಧಾನವಾಗಿ ವಾಲಿತು. ರಾಧಾಮಣಿ ನೆಲಕ್ಕೆ ಇಳಿದಳು, ಕೊಬ್ಬರಿ ಆಕಾಶಕ್ಕೇರಿತು.

"ಅಯ್ಯಯ್ಯೋ, ಇದೇನೇ!" ಎಂದರು ಹೊಂಬಾಳಮ್ಮ. "ಬೆಳಿಗ್ಗೆಯಿಂದ ಏನ್ ತಿಂದೆ?"

"ಏನೂ ಇಲ್ಲ ಅತ್ತೆ!"

"ಹಾರ ತೆಗೀರಿ, ಹಾರ!" ಎಂದು ಹನುಮಂತರಾಜು ಕೂಗಿದ. "ಮಡಿಲಕ್ಕಿ ಲೆಕ್ಕಕ್ಕಿಲ್ಲ, ಅದನ್ನೂ ತೆಗೀರಿ! ಬೆಲ್ಲ ತೆಗೀರಿ!"

ತುಂಬಿದ ಕೈಗಳೇ ಒಂದೊಂದಾಗಿ ಮಡಿಲು ಬರಿದು ಮಾಡಿದವು. ಬಳೆ ತೆಗೆಸಬೇಕೇ ಎಂದು ಯಾರೋ ಕೇಳಿದರು. ರಾಧಾಮಣಿ ಕಣ್ಣು ಮುಚ್ಚಿಕೊಂಡಳು. ಸೊಂಟ ಎತ್ತುವಾಗಿನ ಹಾಗೆ ಉಸಿರು ಎಳೆದು ನಿಧಾನವಾಗಿ ಬಿಟ್ಟಳು, ಉಸಿರಿಗೂ ತೂಕವಿದ್ದರೆ ಅಷ್ಟಾದರೂ ಹೋಗಲಿ ಎಂದು. ತಟ್ಟೆ ನೆಲ ಬಿಟ್ಟಿತು. ಮೇಲಕ್ಕೆ ಬಂತು. ಕಣ್ಣು ತೆರೆದಾಗ ಅವಳೂ ಕೊಬ್ಬರಿಯೂ ಎದುರುಬದುರು, ಒಂದೇ ಎತ್ತರದಲ್ಲಿ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ತೂಗುತ್ತಿದ್ದರು.

"ಸಮ! ಸಮ!" ಜನ ಕೂಗಿದರು. ಗಂಟೆ ಬಾರಿಸಿದರು. "ಎಪ್ಪತ್ತಾರು ಇದ್ದೋಳು ಕಣ್ರೀ, ಹತ್ತು ಕಿಲೋ ಇಳಿಸವ್ಳೆ!" ಎಂದು ರಾಮಕ್ಕ ಗೊತ್ತಿಲ್ಲದವರಿಗೆಲ್ಲ ಹೇಳಿದಳು. ಗುರುತಿಲ್ಲದ ಹೆಂಗಸರು ರಾಧಾಮಣಿಯನ್ನು ತಲೆಯಿಂದ ಕಾಲವರೆಗೆ ನೋಡಿದರು. ಅವಳಿಗೆ ಕಣ್ಣು ತುಂಬಿ ಬಂತು. ಗಾಳಿಯಲ್ಲಿ ಕೂತು ಹಗುರಾಗಿ ತೂಗುತ್ತಿದ್ದ ಆ ಗಳಿಗೆ ಪೂರ್ತಿ ಅವಳದಾಗಿತ್ತು.

ಇಳಿಯುವಾಗ ಬೆನ್ನು ಹಿಡಿಯಿತು. ನಾಲ್ಕು ಜನ ಕೈ ಹಿಡಿದು ಎಳೆಯಲು ಬಂದರೆ, "ಮುಟ್ಟಬೇಡಿ!" ಎಂದು ಕೂಗಿದಳು. ಆಶಾ ಹೇಳಿಕೊಟ್ಟಂತೆ ತಟ್ಟೆಯಲ್ಲೇ ಮಗ್ಗುಲಾಗಿ ಮಲಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಎದ್ದಳು. ಪೂಜಾರಿ ಅದನ್ನೂ ಹರಕೆಯ ವಿಧಿ ಎಂದುಕೊಂಡು ಮಂತ್ರ ಮುಂದುವರಿಸಿದರು.

ಅಲ್ಲಿಗೆ ಮುಗಿಯಬೇಕಿತ್ತು. ಹರಕೆಗೆ ಬಂದದ್ದನ್ನು ಗುಡಿಯವರು ಅಲ್ಲೇ ಹರಾಜು ಹಾಕುವುದು ರೂಢಿ. ಕಾಯಿಯಾದರೆ ಗುಡ್ಡೆ ಲೆಕ್ಕ, ಯಾರೂ ತೂಗುವುದಿಲ್ಲ. ಹನುಮಂತರಾಜು ಅದನ್ನೇ ನಂಬಿಕೊಂಡು ಬಂದಿದ್ದನೆಂದು ಆಮೇಲೆ ರಾಧಾಮಣಿಗೆ ಅನ್ನಿಸಿತು. "ಜ್ಞಾನೇಶ್, ಗುಡ್ಡೆ ಲೆಕ್ಕದಲ್ಲಿ ನಾನೇ ತಗೊಂಡ್ಬುಡ್ತೀನಿ, ಒಂದು ಬೆಲೆ ಹೇಳು," ಎಂದ.

"ಇಲ್ಲ ಸಾರ್. ಕೊಬ್ಬರಿ ಅಂದ್ಮೇಲೆ ತೂಕಾನೇ. ಗುಡಿಗೆ ಹೊಸ ಎಲೆಕ್ಟ್ರಾನಿಕ್ ಮಿಷನ್ ತಂದಿದ್ದೀವಿ. ನಿಮ್ಮದೇ ಮೊದಲನೇ ಬೋಣಿ."

"ತೂಕ ಗೊತ್ತಲ್ಲಯ್ಯ, ಅರವತ್ತಾರು."

"ಬಾಯಿ ಮಾತು ಬರೆಯಂಗಿಲ್ಲ ಸಾರ್."

ಹುಡುಗರು ಕೊಬ್ಬರಿಯನ್ನು ಮತ್ತೆ ಮೂಟೆಗಳಿಗೆ ತುಂಬಿ ಮಿಷನ್ ಮೇಲಿಟ್ಟರು. ಕೆಂಪು ಅಂಕಿಗಳು ಕುಣಿದು ನಿಂತವು. ಜ್ಞಾನೇಶ್ ಮೈಕಿನಲ್ಲಿ ಓದಿದ: "ಎಪ್ಪತ್ತಾರು."

ಜ್ಞಾನೇಶ್ ಮೂಟೆ ಇಳಿಸಿ ಮತ್ತೆ ಇಡಿಸಿದ. ಎಪ್ಪತ್ತಾರು. ಒಬ್ಬ ಹುಡುಗನನ್ನು ನಿಲ್ಲಿಸಿ ನೋಡಿದ. ಹುಡುಗ ತನ್ನ ತೂಕ ಸರಿಯಾಗಿದೆ ಎಂದ.

ಹೊಂಬಾಳಮ್ಮ ಎರಡೂ ಕೈ ಎತ್ತಿದರು. "ಅಕ್ಷಯ ಮಾಡಿದ್ಳು ತಾಯಿ! ಅರವತ್ತಾರು ತಂದ್ರೆ ಎಪ್ಪತ್ತಾರು ಮಾಡಿದ್ಳು! ನನ್ನ ಸೊಸೆ ಕಳ್ಕಂಡ ಹತ್ತು ಕಿಲೋನ ಕೊಬ್ಬರಿಗೆ ಸೇರಿಸಿದ್ಳು!"

ಗುಡಿ ಮುಂದೆ ಗದ್ದಲವೆದ್ದಿತು. ಪೂಜಾರಿ ಮಂಗಳಾರತಿ ಎತ್ತಿದರು. ಜನ ಕೊಬ್ಬರಿ ಮೂಟೆಗೆ ಅರಿಸಿನ ಕುಂಕುಮ ಹಚ್ಚಿದರು. ಬೋರಯ್ಯನೂ ಕೆನ್ನೆ ಬಡಿದುಕೊಂಡ, ಬಡಿದುಕೊಂಡು ಭಕ್ತಿಯಿಂದಲೇ ಹೇಳಿದ: "ನನ್ನ ಮ್ಯಾಲೆ ಯಾವಾಗ ಕಣ್ಣು ಬಿಡ್ತಾಳೋ ತಾಯಿ. ನನ್ನ ಕೊಬ್ಬರಿ ಮನೇಲಿ ಒಂದು ತೂಕ ಇದ್ರೆ ರಾಜಣ್ಣನ ಕಾಟಾ ಹತ್ತೋ ಹೊತ್ತಿಗೆ ಕಮ್ಮೀನೇ ಆಗಿರ್ತದೆ."

ಹನುಮಂತರಾಜು ಹಾಲು ಒಡೆದಂಥ ಮುಖ ಮಾಡಿಕೊಂಡು ಗುಡಿಯ ಕಳಸ ನೋಡುತ್ತಿದ್ದ.

ರಾಧಾಮಣಿ ತಕ್ಕಡಿಯ ಕಂಬ ಹಿಡಿದುಕೊಂಡಳು. ತಕ್ಕಡಿ ಸುಳ್ಳು ಹೇಳಿರಲಿಲ್ಲ. ಕೊಬ್ಬರಿ ಎಷ್ಟೋ ಅವಳೂ ಅಷ್ಟೇ. ಕೊಬ್ಬರಿ ಎಪ್ಪತ್ತಾರಾದರೆ ಅವಳೂ ಎಪ್ಪತ್ತಾರು. ಆಶಾಳ ಎದುರು ನಿಂತ ಮೊದಲ ದಿನ ಎಷ್ಟಿದ್ದಳೋ ಅಷ್ಟೇ. ಬಿಟ್ಟ ಮುದ್ದೆಗಳು, ಬೆಳಗಿನ ಚಾಪೆ, ರಾತ್ರಿ ನಕ್ಕ ನಗು ಎಲ್ಲ ನೆನಪಾದವು. ಹೋಗಿದ್ದ ಹತ್ತು ಕಿಲೋ ಒಟ್ಟಿಗೇ ಬಂದು ಸೊಂಟದ ಮೇಲೆ ಕೂತ ಹಾಗಾಯಿತು. ಸುತ್ತ ಹೆಂಗಸರು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕೆಂದರೆ ಬೆನ್ನು ಬಿಡಲಿಲ್ಲ.

ವಾಪಸು ಬರುವಾಗ ಮೂಟೆಗಳಿರಲಿಲ್ಲ. ಅವಳು ಆಟೋದ ತಗಡಿಗೆ ಒರಗಿದಳು. ರಾಮಕ್ಕ ದಾರಿಯುದ್ದಕ್ಕೂ ಫೋನಿನಲ್ಲಿ ಪವಾಡವನ್ನು ಊರಿಗೆ ಮೊದಲೇ ಕಳಿಸುತ್ತಿದ್ದಳು. ಇಳಿಯುವಾಗ, "ನಾಳೆ ಡೈರಿಯವರೆಲ್ಲ ಬತ್ತಾರಂತೆ ಕಣೇ, ನೀನು ತೂಗಿಕೊಳ್ಳೋದು ನೋಡಕ್ಕೆ," ಎಂದಳು.

ಮನೆಯೊಳಗೆ ಕಾಲಿಟ್ಟ ಹೊಂಬಾಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಹರಕೆ ತೀರ್ತು. ದೇವ್ರೇ ಒಪ್ಕಂಡ್ಳು ನಿನ್ನ ಸೊಂಟ ಸರಿಹೋಯ್ತು ಅಂತ. ನಾಳೆಯಿಂದ ಕೊಟ್ಟಿಗೆ ನೀನೇ ಬಾಚ್ಕಳವ್ವ."

ಹನುಮಂತರಾಜು ಟೀವಿ ಹಾಕಿ ಅದರ ಮುಂದೆ ಕೂತ. ರಾಧಾಮಣಿ ನೀರು ಕುಡಿದಳು. ಒಂದು ಲೋಟ, ಇನ್ನೊಂದು ಲೋಟ. ಆಮೇಲೆ ಅಟ್ಟದ ಏಣಿಯ ಹತ್ತಿರ ಹೋಗಿ ಬಾಗಿಲು ಮುಂದೆ ಮಾಡಿ ದೀಪ ಹಾಕಿದಳು.

ಕಾಟಾ ಹೊಸ ಎಣ್ಣೆಯಿಂದ ಮಿನುಗುತ್ತಿತ್ತು. ಅವಳು ಸಲಾಕೆಯ ಮೇಲಿನ ಗುಂಡಿನ ಕೆಳಗೆ ಬೆರಳಾಡಿಸಿದಳು. ತಳದಲ್ಲಿ ಒಂದು ಗುಳಿ, ಗುಳಿಯ ಬಾಯಿಗೆ ಮೇಣ. ತಲೆಯ ಪಿನ್ನಿನಿಂದ ಮೇಣ ಕೆದಕಿದಳು. ಒಳಗೆ ಸೀಸದ ತೆಳು ಹಾಳೆ ಮಡಿಸಿ ತುರುಕಿತ್ತು. ಎಳೆದರೆ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಕೊಬ್ಬರಿಯ ಬೆಲೆ ಏರಿದ ಹಾಗೆಲ್ಲ ಗುಂಡಿನ ಹೊಟ್ಟೆ ತುಂಬಿತ್ತು. ಗುಂಡು ಭಾರವಾದಷ್ಟೂ ಸಲಾಕೆ ಕಡಿಮೆ ಅಂಕಿಗೇ ಸಮನಾಗಿತ್ತು; ಗುಂಡಿನ ಹೊಟ್ಟೆ ತುಂಬಿದ ಹಾಗೆಲ್ಲ ಅವಳು ಇಳಿದಿದ್ದಳು. ಅಂಗೈಯಲ್ಲಿ ಹರಡಿಕೊಂಡು ನೋಡಿದಳು. ಇದು ಯುಗಾದಿ ಹೊತ್ತಿನದು, ಒಬ್ಬಟ್ಟು ಮುಟ್ಟದೆ ಇದ್ದೆ. ಇದು ತಂಗಿಯ ಮನೆಯ ಗೃಹಪ್ರವೇಶದ್ದು. ಇದು ನಿನ್ನೆಯದು.

ಹಾಳೆಗಳನ್ನು ಮತ್ತೆ ತುರುಕಿ ಮೇಣ ಹಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಬೆಳಿಗ್ಗೆ ಡೈರಿಯವರೆಲ್ಲ ಬಂದು ನಿಂತಾಗ ಅವಳು ಅರವತ್ತಾರೇ. ಹೊರಗೆ ತೆಗೆದರೆ, ತಾಯಿ ಅಕ್ಷಯ ಮಾಡಿದ ಮಾರನೆಯ ದಿನ, ರಾಮಕ್ಕ ಗುಂಡಿಗೆ ಮೂಗಿಟ್ಟು ಎಪ್ಪತ್ತಾರು ಎಂದು ಕೂಗುತ್ತಾಳೆ. ಪ್ರಸಾದ ತಿಂದು ಒಂದೇ ರಾತ್ರಿಯಲ್ಲಿ ಊದಿಕೊಂಡಳು ಎಂದು ಊರು ನಗುತ್ತದೆ. ಹನುಮಂತರಾಜುವಿಗೆ ಮಾತ್ರ ನಿಜ ಗೊತ್ತಿರುತ್ತದೆ. ಅವನು ಬಾಯಿ ಬಿಡುವಂತಿಲ್ಲ. ಅದೇ ಹೊತ್ತಿಗೆ ಬೋರಯ್ಯ ತನ್ನ ಮೂಟೆಗಳನ್ನು ಹೊತ್ತು ಬಾಗಿಲಲ್ಲಿ ನಿಂತಿರುತ್ತಾನೆ.

ರಾಧಾಮಣಿ ಹಾಳೆಗಳನ್ನು ಒಟ್ಟು ಮಾಡಿ ಉಂಡೆ ಕಟ್ಟಿದಳು. ಮುಷ್ಟಿಯೊಳಗೆ ಅಡಗುವಷ್ಟೇ ಇತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಖಾಲಿ ಗುಳಿಯ ಬಾಯಿಗೆ ಮೇಣವನ್ನು ಮೊದಲಿದ್ದಂತೆಯೇ ಒತ್ತಿ, ಬೆರಳಿನಿಂದ ನಯವಾಗಿ ಸವರಿದಳು.

"ಈ ಹೊತ್ನಲ್ಲಿ ಅದೇನೇ ಮಾಡ್ತಿದ್ದೀಯ ಅಲ್ಲಿ?" ಎಂದು ಹೊಂಬಾಳಮ್ಮ ಒಳಗಿನಿಂದ ಕೂಗಿದರು.

"ಏನಿಲ್ಲ ಅತ್ತೆ," ಎಂದಳು ರಾಧಾಮಣಿ. "ಕಾಟಾಗೆ ಎಣ್ಣೆ ಬಿಡ್ತಿದ್ದೀನಿ."

ಹಜಾರದಲ್ಲಿ ಟೀವಿಯ ಸದ್ದು ನಿಂತಿತು.